ಎದ್ದ ಹೆಣದ ಜಾಹೀರಾತು

ನಮ್ಮ ಅಡುಗೆಯ ಕೋಣೆಯಲ್ಲಿ ಒಂದು ತಗಡಿನ ಭೋಂಗಾ ಇದೆ. ಒಂದು ತುದಿ ಬಾಯಿಗೆ ಹಿಡಿಯುವಷ್ಟು ಸಣ್ಣದು, ಇನ್ನೊಂದು ತುದಿ ಬುಟ್ಟಿಯಷ್ಟು ಅಗಲ. ಒಂದು ಕಾಲಕ್ಕೆ ಮೈತುಂಬ ಹಸಿರು ಬಣ್ಣ ಇತ್ತು. ಈಗ ಅಲ್ಲಲ್ಲಿ ನಾಲ್ಕು ಚಕ್ಕೆ ಉಳಿದಿವೆ. ನನ್ನ ಸೊಸೆ ಅದನ್ನು ಬೋರಲು ಹಾಕಿ ಚೀಲದ ಜೋಳವನ್ನು ಡಬ್ಬಿಗೆ ಸುರಿಯುತ್ತಾಳೆ. ಒಂದು ಕಾಳೂ ಹೊರಗೆ ಚೆಲ್ಲುವುದಿಲ್ಲ. ಅವಳ ಪಾಲಿಗೆ ಅದು ಒಳ್ಳೆಯ ಆಲಿಕೆ, ಅಷ್ಟೆ.

ಮೊನ್ನೆ ಮೊಮ್ಮಗ ಅದನ್ನು ಎತ್ತಿಕೊಂಡು, ಸಣ್ಣ ತುದಿ ಬಾಯಿಗಿಟ್ಟು, ನನ್ನ ಬೆನ್ನ ಹಿಂದೆ ಬಂದು “ಅಜ್ಜೀ” ಎಂದು ಕೂಗಿದ. ನಾನು ಕೇರುತ್ತಿದ್ದ ಮೊರ ಕೈಬಿಟ್ಟೆ. ಜೋಳವೆಲ್ಲ ಪಡಸಾಲೆಯ ತುಂಬ ಹರಡಿತು. ಸೊಸೆ ನಕ್ಕಳು, ಮೊಮ್ಮಗ ನಕ್ಕ, ನಾನೂ ನಗಬೇಕಾಯಿತು. ಆದರೆ ನಗುತ್ತ ಕಾಳು ಬಳಿಯುವಾಗಲೂ ಒಂದು ಕಣ್ಣು ಭೋಂಗಾದ ಮೇಲೇ ಇಟ್ಟಿದ್ದೆ. ನಾನು ಹುಟ್ಟಾ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೂ ಅರ್ಥ ಹುಡುಕುವವಳು, ಒಣಗಲು ಹಾಕಿದ ಧೋತರ ಗಾಳಿಗೆ ಎದ್ದರೂ ಒಳಗೆ ಓಡುವವಳು. ಅಂಜಿದವರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ನನ್ನ ಮೇಲೆ ಎಸೆದ ಮೊದಲ ಕಪ್ಪೆ ಈ ಭೋಂಗಾದಿಂದಲೇ ಹಾರಿ ಬಂದದ್ದು.

ಅದೇ ದಿನ ರಾತ್ರಿಯ ಊಟಕ್ಕೆ ಮೊದಲು ಮೊಮ್ಮಗ ಟೀವಿಯಲ್ಲಿ ಯಾವುದೋ ಪರದೇಶದ ಸಿನೇಮಾ ಹಾಕಿದ. ಅದರ ಜಾಹೀರಾತಿನ ಚಿತ್ರದಲ್ಲಿ ಬಾಯಿ ಕಿಸಿದ ಒಂದು ಭಯಂಕರ ಮುಖ. ನಾನು ಎದ್ದು ಹೊರಟೆ. “ಕುಂದ್ರು ಅಜ್ಜಿ, ಇದು ಅಂಜಿಸೋ ಸಿನೇಮಾ ಅಲ್ಲ. ವಿಜ್ಞಾನದ ಕಥಿ. ವಿಚಾರ ಮಾಡಿ ನೋಡೋದು ಐತಿ” ಅಂದ. ಹಾಗಾದರೆ ಆ ಮುಖ ಯಾಕೆ ಎಂದು ಕೇಳಿದೆ. “ಹಂಗ ಮಾಡದಿದ್ರ ಮಂದಿ ಬರಂಗಿಲ್ಲ ಅಜ್ಜಿ” ಅಂದ.

ಇದೇ ಮಾತನ್ನು, ಇದೇ ಅಕ್ಷರಗಳಲ್ಲಿ, ಸಿನೇಮಾ ಟೆಂಟಿನ ಖಾದರಸಾಬ ನಮ್ಮ ಪಡಸಾಲೆಯಲ್ಲಿ ತಲೆ ತಗ್ಗಿಸಿ ನಿಂತು ಹೇಳಿದ್ದ. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಹೊರಗೆ ಎಲ್ಲೋ ದೊಡ್ಡ ಯುದ್ಧ ನಡೆಯುತ್ತಿತ್ತಂತೆ. ಕೊಪ್ಪಳಕ್ಕೆ ಅದು ಸೀಮೆಎಣ್ಣೆಯ ಬರದ ರೂಪದಲ್ಲಿ ಮಾತ್ರ ಬಂದಿತ್ತು. ನಿಜಾಮರ ಕಾಲ. ಸಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲಸಿದ್ದು. ಸುಗ್ಗಿ ಮುಗಿದ ಮೇಲೆ ಗದಗಿನ ಕಡೆಯಿಂದ ರೈಲಿನಲ್ಲಿ ಒಂದು ಸಿನೇಮಾ ಟೆಂಟು ಬಂದು ಇಳಿಯುತ್ತಿತ್ತು. ನಮ್ಮ ಮನೆಯ ಹಿಂದೆ ರಾಶಿ ಮಾಡುವ ದೊಡ್ಡ ಕಣ ಇತ್ತು. ಅಜ್ಜ ಅದನ್ನು ಟೆಂಟಿನವರಿಗೆ ಬಿಟ್ಟುಕೊಡುತ್ತಿದ್ದ. ಅದಕ್ಕೆ ಬದಲಾಗಿ ನಮ್ಮ ಮನೆಯವರಿಗೆಲ್ಲ ಪುಕ್ಕಟೆ ಪ್ರವೇಶ. ಮನೆಯವರೆಂದರೆ ಅಜ್ಜ, ಅವನಿಗಿಂತ ಹೆಚ್ಚು ಯಜಮಾನಿಕೆಯ ಅಮ್ಮ, ವ್ಯಾಪಾರಕ್ಕೆಂದು ಊರೂರು ತಿರುಗುವ ಅಪ್ಪ, ಚಿಗವ್ವ ಮತ್ತು ನಾನು. ನಮ್ಮಲ್ಲಿ ಅಮ್ಮ ಅಂದರೆ ಅಜ್ಜಿ. ನನ್ನ ಹಡೆದವ್ವ ನಾನು ಹುಟ್ಟಿದ ವಾರವೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ಚಿಗವ್ವ, ನನ್ನ ಕಾಕಾನ ಹೆಂಡತಿ. ಅವಳ ಸೆರಗು ಹಿಡಿಯದೆ ನಾನು ಹಿತ್ತಲಿಗೂ ಹೋಗುತ್ತಿರಲಿಲ್ಲ.

ಖಾದರಸಾಬ ಟೆಂಟಿನ ಬಾಯಿ. ಕುಷ್ಟಗಿಯವನು. ಹರೆಯದಲ್ಲಿ ಬಯಲಾಟದ ಮೇಳದಲ್ಲಿ ಸಾರಥಿಯ ಪಾತ್ರ ಮಾಡಿ ಗಂಟಲು ಪಳಗಿಸಿದ್ದ. ಹಗಲು ಈ ಹಸಿರು ಭೋಂಗಾ ಹಿಡಿದು ಓಣಿಓಣಿಯಲ್ಲಿ ಸಿನೇಮಾ ಸಾರುವುದು, ಸಂಜೆ ಅದೇ ಭೋಂಗಾ ಹಿಡಿದು ಪರದೆಯ ಪಕ್ಕ ನಿಂತು ಪರದೇಶದ ಮಂದಿ ಏನು ಮಾತಾಡುತ್ತಿದ್ದಾರೆಂದು ನಮ್ಮ ಭಾಷೆಯಲ್ಲಿ ಹೇಳುವುದು ಅವನ ಕೆಲಸ. ಅವನಿಗೆ ಆ ಭಾಷೆ ಬರುತ್ತಿತ್ತೆಂದು ನೀವು ತಿಳಿಯಬೇಡಿ. ಟೆಂಟಿನ ಮಾಲಕ ಒಂದು ಸಲ ಕಥೆ ಹೇಳುತ್ತಿದ್ದ, ಉಳಿದದ್ದು ಖಾದರಸಾಬನ ಕೈಗುಣ. ಪರದೆಯ ಮೇಲೆ ಸಾಹೇಬ ಶರಾಬು ಕುಡಿದರೆ “ಕಷಾಯ ಕುಡ್ಯಾಕತ್ತಾನ, ನೆಗಡಿ ಆಗೈತಿ” ಅನ್ನುವನು. ಸಾಹೇಬನೂ ಮಡಮ್ಮನೂ ಮುಖಕ್ಕೆ ಮುಖ ತಂದರೆ “ಕಿವ್ಯಾಗ ಗುಟ್ಟು ಹೇಳಾಕತ್ತಾನ” ಅನ್ನುವನು. ಪರದೇಶದವರಿಗೆ ಇಷ್ಟೊಂದು ಗುಟ್ಟು ಏನಿರುತ್ತದೆ ಎಂಬುದು ನಮ್ಮ ಅಮ್ಮನಿಗೆ ಕಡೆಯವರೆಗೂ ಬಗೆಹರಿಯಲಿಲ್ಲ.

ಆ ವರ್ಷ ಬಂದದ್ದು ವಿಚಿತ್ರ ಸಿನೇಮಾ. ಅದರಲ್ಲಿ ಕುದುರೆ ಇಲ್ಲ, ಕತ್ತಿ ಇಲ್ಲ, ಹೊಡೆದಾಟ ಇಲ್ಲ. ಒಬ್ಬ ಡಾಕ್ಟರ. ಅವನ ಹೆಂಡತಿಗೆ ಮದ್ದಿಲ್ಲದ ಬೇನೆ. ಡಾಕ್ಟರ ಒಂದು ಗಾಜಿನ ಕೋಣೆ ಕಟ್ಟಿ, ಅದನ್ನು ಮಂಜಿನ ಹಾಗೆ ತಣ್ಣಗೆ ಮಾಡಿ, ಅದರೊಳಗೆ ಅವಳನ್ನು ಕುಳ್ಳಿರಿಸಿ ನಿದ್ದೆ ಬರಿಸುತ್ತಾನೆ. ಮದ್ದು ಸಿಗುವ ತನಕ ಅವಳು ಹಾಗೇ ಇರಬೇಕು. ವಯಸ್ಸಾಗುವುದಿಲ್ಲ, ಬೇನೆ ಬೆಳೆಯುವುದಿಲ್ಲ. ಅವನು ಹೊರಗೆ ಕುಳಿತು ಮದ್ದು ಹುಡುಕುತ್ತಾನೆ. ಇಡೀ ಸಿನೇಮಾ ಇಷ್ಟೇ, ಒಬ್ಬ ಗಂಡ, ಒಂದು ಗಾಜು, ಆಚೆ ಒಬ್ಬ ಹೆಂಡತಿ. ಹುಬ್ಬಳ್ಳಿಯ ಆಚೆಯ ದೊಡ್ಡ ಊರುಗಳಲ್ಲಿ ಜನ ನೋಡಿ ಸುಮ್ಮನೆ ಮನೆಗೆ ಹೋಗುತ್ತಿದ್ದರಂತೆ. ಮಾಲಕನಿಗೆ ಚಿಂತೆ ಹತ್ತಿತು. ಗಂಡ ಹೆಂಡಿರ ಸಂಕಟ ನೋಡಲು ಕೊಪ್ಪಳದವರು ಟೆಂಟಿಗೆ ಯಾಕೆ ಬರುತ್ತಾರೆ, ಅದು ಮನೆಮನೆಯಲ್ಲಿ ಇದ್ದದ್ದೇ. ಅವನು ಸಿನೇಮಾಕ್ಕೆ ‘ಎದ್ದ ಹೆಣ’ ಎಂದು ಹೆಸರಿಟ್ಟ. ಗಟ್ಟಿ ಎದೆಯವರು ಮಾತ್ರ ಬರಬೇಕು, ಬಸುರಿಯರನ್ನು ಒಳಗೆ ಬಿಡುವುದಿಲ್ಲ ಎಂದು ಕರಪತ್ರ ಹೊಡೆಸಿದ. ಅಷ್ಟಕ್ಕೇ ಬಿಡಲಿಲ್ಲ.

ಮಾಲಕ ಗುಜರಾತಿನ ಕಡೆಯವನು, ಅವರಲ್ಲಿ ಹೆಣ ಸುಡುತ್ತಾರೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಳ್ಳಿರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನಿಂದ ಅಲಂಕರಿಸಿದ ಪೀಠದ ಮೇಲಿಟ್ಟು, ಬಾಜಾಬಜಂತ್ರಿಯೊಂದಿಗೆ ಹೊತ್ತುಕೊಂಡು ಹೋಗಿ, ಮಣ್ಣಿನಲ್ಲಿಯೂ ಕುಳ್ಳಿರಿಸಿಯೇ ಇಡುತ್ತಾರೆ. ಆ ಪೀಠಕ್ಕೆ ವಿಮಾನ ಅನ್ನುತ್ತಾರೆ. ಇದು ಮಾಲಕನಿಗೆ ಗೊತ್ತಿರಲಿಲ್ಲ. ಅವನು ಒಂದು ಬಂಡಿಯ ಮೇಲೆ ಗಾಜಿನ ಪೆಟ್ಟಿಗೆ ಇಟ್ಟು, ಅದಕ್ಕೆ ಹೂವಿನ ಸರ ಇಳಿಬಿಟ್ಟು, ಟೆಂಟಿನಲ್ಲಿ ಅಡುಗೆ ಮಾಡುವ ಭೀಮಣ್ಣನ ಮೀಸೆ ಬೋಳಿಸಿ, ಸೀರೆ ಉಡಿಸಿ, ಮುಖಕ್ಕೆ ಬಿಳಿ ಪುಡಿ ಬಳಿದು, ಕಣ್ಣು ಮುಚ್ಚಿಸಿ ಒಳಗೆ ಕುಳ್ಳಿರಿಸಿದ. ಮುಂದೆ ಹಲಗೆ ಬಡಿಯುವವರು, ಸನಾದಿ ಊದುವವರು. ಬಂಡಿ ಸ್ಟೇಷನ್ ದಾರಿಯಿಂದ ಊರೊಳಗೆ ಬಂತು.

ಇನ್ನು ಏನಾಗಿರಬೇಕು ಹೇಳಿ. ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು. ಕಟ್ಟೆಯ ಮೇಲಿದ್ದವರು ಎದ್ದು ನಿಂತು ಕೈ ಮುಗಿದರು. ಯಾರೋ ಮಂಡಕ್ಕಿ ತಂದು ತೂರಿದರು, ಯಾರೋ ಭಸ್ಮ ಎರಚಿದರು. ನಾಲ್ಕು ಹೆಜ್ಜೆ ಮಣ್ಣಿಗೆ ಹೋದರೆ ಪುಣ್ಯ ಎಂದು ಗಂಡಸರು ರುಮಾಲು ಸರಿಮಾಡಿಕೊಂಡು ಹಿಂದೆ ನಡೆದರು. ನಮ್ಮ ಎದುರು ಮನೆಯ ಮುದುಕಿ ಮೊದಲು ಚೆನ್ನಾಗಿ ಅತ್ತು, ಆಮೇಲೆ ಸತ್ತವರು ಯಾರೆಂದು ಕೇಳಿದಳು. ಖಾದರಸಾಬ ಈ ಭೋಂಗಾ ಹಿಡಿದು ಬಂಡಿಯ ಮುಂದೆ ಇದ್ದನಾದರೂ ಅವನಿಗೆ ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಇಷ್ಟು ಮಂದಿ ಕೈ ಮುಗಿಯುವಾಗ ಇದು ಸಿನೇಮಾ ಎಂದು ಹೇಗೆ ಹೇಳುವುದು? ಅವನೂ ತಲೆ ತಗ್ಗಿಸಿ ನಡೆದ.

ನಾನು ಮತ್ತು ಚಿಗವ್ವ ತಲಬಾಗಿಲ ಸಂದಿಯಲ್ಲಿ ನಿಂತಿದ್ದೆವು. ಬಂಡಿ ನಮ್ಮ ಮುಂದೆಯೇ ಹಾದು ಹೋಯಿತು. ಬಿಳಿಚಿಕೊಂಡ ಮುಖ, ಮುಚ್ಚಿದ ಕಣ್ಣು, ಕುತ್ತಿಗೆಯಲ್ಲಿ ಹೂವು. ನನಗೆ ನೋಡಬಾರದು ಅನ್ನಿಸಿತು, ಆದರೆ ಅಂಜುಬುರುಕರ ಕಣ್ಣು ಮುಚ್ಚುವುದಿಲ್ಲ. ಆಗ ಆ ಹೆಣದ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಉಗುಳು ನುಂಗಿದ ಹಾಗೆ.

“ಚಿಗವ್ವಾ, ಅದು ನುಂಗಿತು” ಅಂದೆ.

“ನಾನೂ ನೋಡೀನಿ” ಅಂದಳು ಚಿಗವ್ವ. ಅವಳ ಮುಖ ಪೆಟ್ಟಿಗೆಯೊಳಗಿನ ಮುಖಕ್ಕಿಂತ ಬಿಳಿ ಆಗಿತ್ತು.

ಬಂಡಿ ಸುಡುಗಾಡಿನ ಕಡೆ ಹೊರಳದೆ ನಮ್ಮ ಕಣದ ಕಡೆ ಹೊರಳಿದಾಗ ಜನಕ್ಕೆ ಅನುಮಾನ ಬಂತು. ಅಲ್ಲಿ ಖಾದರಸಾಬ ಭೋಂಗಾ ಎತ್ತಿ ವಿಷಯ ಸಾರಿದ. ಕೆಲವರು ಬೈದರು, ಹೆಚ್ಚಿನವರು ನಕ್ಕರು. ತೂರಿದ ಮಂಡಕ್ಕಿ ದಂಡವಾಗಬಾರದೆಂದು ಅಷ್ಟೂ ಮಂದಿ ಸಂಜೆ ಸಿನೇಮಾಕ್ಕೆ ಬಂದರು. ಮಾಲಕ ಇಂಥ ಜಾಹೀರಾತು ಹುಟ್ಟಿಸಿದ್ದಕ್ಕೆ ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಿರಬೇಕು.

ಕಾಕಾನ ವಿಷಯ ಇಲ್ಲಿ ಹೇಳಲೇಬೇಕು. ಅದಕ್ಕೆ ಎರಡು ವರ್ಷ ಹಿಂದೆ ಅವನು ಭತ್ತ ಕೊಳ್ಳಲು ಗಂಗಾವತಿಯ ಕಡೆ, ಮರಳಿ ಎಂಬ ಊರಿಗೆ ಹೋಗಿದ್ದ. ಬರುವಾಗ ವಾಂತಿಭೇದಿ ತಂದ. ನಸುಕಿನಲ್ಲಿ ಹಾಸಿಗೆ ಹಿಡಿದವನು ಮಧ್ಯಾಹ್ನಕ್ಕೆ ಹೋಗಿಬಿಟ್ಟ. ಆ ಬೇನೆಯ ಹೆಣ ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಊರ ಹಿರಿಯರು ಅವಸರ ಮಾಡಿದರು. ಹೊತ್ತು ಮುಳುಗುವ ಮೊದಲೇ ಗಿಣಿಗೇರಿ ದಾರಿಯ ನಮ್ಮ ಹೊಲದಲ್ಲಿ ಬೇವಿನ ಮರದ ಕೆಳಗೆ ಮಣ್ಣು ಕೊಟ್ಟು ಬಂದರು. ಚಿಗವ್ವ ಆ ದಿನ ಅಳಲಿಲ್ಲ. ಆಮೇಲೂ ಅಳಲಿಲ್ಲ. ಅಮ್ಮ ಅದಕ್ಕೇ ಅವಳಿಗೆ ‘ಕಲ್ಲು’ ಎಂದು ಹೆಸರಿಟ್ಟಿದ್ದಳು.

ವಿಧವೆಯಾದವಳು ಸಿನೇಮಾಕ್ಕೆ ಹೋಗುವುದೆಂದರೆ ಅಮ್ಮ ಒಪ್ಪುವ ಮಾತಲ್ಲ. ಆದರೆ ಆ ಸಂಜೆ ಚಿಗವ್ವ ತಾನಾಗಿಯೇ ಬಂದು, “ಹುಡುಗಿ ಹಟಾ ಹಿಡದೈತ್ರಿ ಅತ್ತಿ, ಕರಕೊಂಡು ಹೋಗಿ ಬರ್ತೀನಿ” ಅಂದಳು. ನಾನು ಹಟ ಹಿಡಿದಿರಲಿಲ್ಲ. ಹಟ ಹಿಡಿಯುವುದಿದ್ದರೆ ಹೋಗುವುದು ಬೇಡವೆಂದೇ ಹಿಡಿಯುತ್ತಿದ್ದೆ. ಚಿಗವ್ವ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆ ಚರ್ಮಕ್ಕೆ ಒತ್ತುತ್ತಿತ್ತು. ನಾನು ಹೌದು ಎಂದು ತಲೆ ಆಡಿಸಿದೆ.

ಹೆಂಗಸರ ಕಡೆ ಗೋಣಿತಟ್ಟಿನ ಪರದೆಯ ಹಿಂದೆ ಕುಳಿತೆವು. ಇಂಜಿನ್ನಿನ ಸದ್ದು, ಎಣ್ಣೆಯ ವಾಸನೆ, ಕತ್ತಲೆ. ಗಾಜಿನ ಕೋಣೆಯಲ್ಲಿ ಆ ಹೆಂಗಸನ್ನು ಕುಳ್ಳಿರಿಸುವ ತನಕ ಜನ ಶೇಂಗಾ ಸುಲಿಯುತ್ತ ಹರಟುತ್ತಿದ್ದರು. ಅವಳು ಕಣ್ಣು ಮುಚ್ಚಿ ಕುಳಿತದ್ದೇ ತಡ, ಟೆಂಟು ಮೌನವಾಯಿತು. ಬೇರೆ ಊರಿನಲ್ಲಿ ಅದು ಕುರ್ಚಿಯ ಮೇಲೆ ಕುಳಿತೇ ನಿದ್ದೆ ಹೋದ ಒಬ್ಬ ಮಡಮ್ಮ ಅಷ್ಟೆ. ನಮ್ಮ ಊರಿನಲ್ಲಿ ಅದು ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ನೋಡಿದ್ದ ದೃಶ್ಯ. ಗಂಡಸರ ಕಡೆ ಯಾರೋ ಎದ್ದು ಕೈ ಮುಗಿದರು. ಅವರನ್ನು ನೋಡಿ ಇನ್ನೊಬ್ಬರು ಎದ್ದರು. ಖಾದರಸಾಬ ಈ ಮೌನ ನೋಡಿ ಹುರುಪಾದ. ಮಾಲಕ ಹೇಳಿದ್ದಕ್ಕೆ ತನ್ನದನ್ನೂ ಸೇರಿಸಿದ.

“ನೋಡ್ರಿ, ಉಸಿರಿಲ್ಲ. ಆದ್ರ ಮೈ ಬೆಚ್ಚಗೈತಿ. ಮಂದಿ ಎಲ್ಲಾ ಸತ್ತಾಳ ಅಂತಾರ. ಅಕಿ ಒಳಗ ಕುಂತು ನಮ್ಮ ಮಾತು ಎಲ್ಲಾ ಕೇಳಾಕತ್ತಾಳ. ಬಾಯಿ ಬರವಲ್ಲದು, ಅಷ್ಟ.”

ನನ್ನ ಕೈ ಹಿಡಿದಿದ್ದ ಕೈ ತಣ್ಣಗಾಯಿತು. ಪರದೆಯ ಮೇಲೆ ವರ್ಷಗಳು ಉರುಳಿದವು, ಡಾಕ್ಟರನ ತಲೆ ಬೆಳ್ಳಗಾಯಿತು. ಕೊನೆಗೆ ಅವನು ಗಾಜಿನ ಬಾಗಿಲು ತೆಗೆದ. ಆ ಹೆಂಗಸು ಮೆಲ್ಲಗೆ ಕಣ್ಣು ತೆರೆದು ನೇರ ನಮ್ಮನ್ನು ನೋಡಿದಳು.

ಅಲ್ಲಿಗೆ ಸಿನೇಮಾ ಮುಗಿಯಿತು. ಅಂದರೆ ಪರದೆಯ ಮೇಲೆ ಅದು ಮುಂದುವರಿದಿರಬೇಕು, ನೋಡುವವರು ಇರಲಿಲ್ಲ. ಟೆಂಟಿನ ಹಗ್ಗಕ್ಕೆ ಎಡವಿ ಬಿದ್ದವರೆಷ್ಟೋ, ಚಪ್ಪಲಿ ಬಿಟ್ಟು ಓಡಿದವರೆಷ್ಟೋ. ಊರಿನಲ್ಲಿ ಬಹಳ ದಿನ ಒಂದೇ ಕಾಲಿನ ಚಪ್ಪಲಿಗಳ ವ್ಯವಹಾರ ನಡೆಯಿತು. ನಾನು ಓಡಲಿಲ್ಲ, ಧೈರ್ಯದಿಂದಲ್ಲ. ಚಿಗವ್ವ ನನ್ನ ಕೈ ಬಿಟ್ಟಿರಲಿಲ್ಲ, ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಲ್ಲಿಂದ ಎದ್ದಿರಲಿಲ್ಲ.

ಮನೆಗೆ ಬಂದ ಮೇಲೆ ಚಿಗವ್ವ ರೊಟ್ಟಿ ಮುಟ್ಟಲಿಲ್ಲ. ಮಲಗುವಾಗ ನನ್ನ ತಲೆ ನೇವರಿಸುತ್ತ, ನನಗಲ್ಲ, ಜಂತಿಗೆ ಹೇಳುವ ಹಾಗೆ ಹೇಳಿದಳು. “ನಿಮ್ಮ ಕಾಕಾನ ಮೈಯೂ ಬೆಚ್ಚಗಿತ್ತು. ಎತ್ತುವಾಗ ನಾ ಮುಟ್ಟೀನಿ. ಬೆಚ್ಚಗ ಐತ್ರಿ ಅಂತ ಹೇಳಿದೆ. ಬಿಸಲಿಗೆ ಹಂಗ ಆಗತೈತಿ ಅಂದ್ರು.”

ಇದನ್ನು ಕೇಳಿ ನನಗಾದ ಹೆದರಿಕೆಯನ್ನು ಈಗಲೂ ಬರೆಯಲು ಬರುವುದಿಲ್ಲ. ಕಾಕಾ ನನ್ನನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ಸಂತೆ ತೋರಿಸಿದವನು. ಅವನು ಬೇವಿನ ಮರದ ಕೆಳಗೆ, ಮಣ್ಣಿನಲ್ಲಿ, ಕುಳಿತುಕೊಂಡು, ನಮ್ಮ ಮಾತು ಕೇಳುತ್ತಿದ್ದಾನೆ. ಬಾಯಿ ಬರುತ್ತಿಲ್ಲ, ಅಷ್ಟೆ.

ಮರುದಿನ ಮಧ್ಯಾಹ್ನ ಚಿಗವ್ವ ಮನೆಯಲ್ಲಿ ಇರಲಿಲ್ಲ. ಹೊಲಕ್ಕೆ ಬುತ್ತಿ ಒಯ್ದ ಆಳು ಓಡಿ ಬಂದು ಹೇಳಿದ. ಅವಳು ಕಾಕಾನ ಗೋರಿಯ ಮೇಲೆ ಕವುಚಿ ಮಲಗಿ, ಮಣ್ಣಿಗೆ ಕಿವಿ ಹಚ್ಚಿದ್ದಳಂತೆ. ಅಜ್ಜ ಬಂಡಿ ಕಟ್ಟಿ ಕರೆತಂದ. ಅವಳ ಕೆನ್ನೆಗೆ ಮಣ್ಣು ಮೆತ್ತಿತ್ತು. “ಒಮ್ಮೆ ತೆಗಸಿ ನೋಡೋಣ್ರಿ ಮಾವಾರ. ಒಮ್ಮೆ ನೋಡಿದ್ರ ಸಾಕು. ಆಮ್ಯಾಲ ನಾ ಏನೂ ಕೇಳಂಗಿಲ್ಲ” ಅಂದಳು. ಅವಳು ಮಾವನ ಎದುರು ಬಾಯಿ ತೆರೆದದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಮೂರ್ನಾಲ್ಕು ದಿನ ಇದೇ ಆಯಿತು. ಬಾಗಿಲಿಗೆ ಚಿಲಕ ಹಾಕಿದರೆ ಹಿತ್ತಲಿನಿಂದ ಹೋದಳು. ಊರಲ್ಲಿ ಗುಸುಗುಸು ಶುರುವಾಯಿತು. ಅಮ್ಮ ಇದು ಗಾಳಿ ಸೋಕಿದ್ದೇ ಸೈ ಎಂದು, ಯಲಬುರ್ಗಿಯ ಆಚೆ ಬೇವಿನ ಬರಲು ಕಡ್ಡಿಯಿಂದ ಹೊಡೆದು ದೆವ್ವ ಬಿಡಿಸುವವನ ಹೆಸರು ತೆಗೆದಳು. ಚಿಗವ್ವನ ತವರೂ ಆ ಕಡೆಯೇ. ದೆವ್ವ ಬಿಡಿಸಿದ ಮೇಲೆ ಅಲ್ಲೇ ಇರಲಿ, ಇಲ್ಲಿ ಮಗುವಿನ ಎದುರು ಬೇಡ ಎಂದು ತೀರ್ಮಾನವಾಯಿತು. ಅಮಾವಾಸ್ಯೆ ಮುಗಿದ ಮರುದಿನ ಅವಳನ್ನು ಒಯ್ಯುವ ಬಂಡಿ. ಮಗು ಅಂದರೆ ನಾನು. ನನ್ನ ಒಳ್ಳೆಯದಕ್ಕಾಗಿ ನನ್ನ ತಾಯಿಯಂಥವಳನ್ನು ಹೊಡೆಸಲು ಕಳುಹಿಸುತ್ತಿದ್ದರು.

ನನ್ನ ಸ್ಥಿತಿಯೂ ಅಷ್ಟಕ್ಕಷ್ಟೆ. ನನಗೆ ಮಲಗಿದವರನ್ನು ಕಂಡರೆ ಹೆದರಿಕೆ, ಕುಳಿತು ಕಣ್ಣು ಮುಚ್ಚಿದವರನ್ನು ಕಂಡರೆ ಇನ್ನೂ ಹೆದರಿಕೆ. ಅಮ್ಮ ಜಪಕ್ಕೆ ಕುಳಿತರೆ ಹೋಗಿ ಅವಳ ಮೂಗಿಗೆ ಕೈ ಒಡ್ಡುತ್ತಿದ್ದೆ. ಬೆಕ್ಕನ್ನೂ ಬಿಡುತ್ತಿರಲಿಲ್ಲ. ಮನೆಯವರೆಲ್ಲ ಶಪಿಸುತ್ತಿದ್ದ ಅಜ್ಜನ ಗೊರಕೆ ನನಗೆ ಮಾತ್ರ ಜೋಗುಳವಾಯಿತು. ಅದು ನಿಂತರೆ ನನಗೆ ಎಚ್ಚರ.

ಬಂಡಿಗೆ ಎರಡು ದಿನ ಇದೆ ಅನ್ನುವಾಗ ಅಜ್ಜ ಟೆಂಟಿನಿಂದ ಖಾದರಸಾಬನನ್ನೂ ಅಡುಗೆಯ ಭೀಮಣ್ಣನನ್ನೂ ಕರೆಸಿದ. ಚಿಗವ್ವನನ್ನು ಪಡಸಾಲೆಯ ಕಂಬದ ಹತ್ತಿರ ಕುಳ್ಳಿರಿಸಿದರು. ನಾನು ಅವಳ ಬೆನ್ನಿಗೆ ಅಂಟಿಕೊಂಡಿದ್ದೆ.

“ನೀ ಹಚ್ಚಿದ ಬೆಂಕಿ, ನೀನ ಆರಸು” ಅಂದ ಅಜ್ಜ.

ಖಾದರಸಾಬ ಭೋಂಗಾವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಅದನ್ನು ಕೆಳಗಿಟ್ಟು ಕೈ ಮುಗಿದ. “ಯವ್ವಾ, ಎಲ್ಲಾ ಸುಳ್ಳ ಐತ್ರಿ. ಸಿನೇಮಾದಾಗ ಹೆಣಾನ ಇಲ್ಲ. ಅಕಿ ಸತ್ತಿದ್ದಿಲ್ಲ, ಗಂಡ ಮಲಗಿಸಿದ್ದ. ಬೆಚ್ಚಗೈತಿ ಅಂದಿದ್ದು, ಕೇಳಾಕತ್ತಾಳ ಅಂದಿದ್ದು ನಾ ಸೇರಿಸಿದ್ದು.”

“ಯಾಕ ಸೇರಿಸಿದಿ?” ಅಂದಳು ಚಿಗವ್ವ.

“ಹಂಗ ಮಾಡದಿದ್ರ ಮಂದಿ ಬರಂಗಿಲ್ಲ ಯವ್ವಾ.”

ಚಿಗವ್ವ ಅವನ ಕಡೆ ತಿರುಗಿದಳು. “ಅವತ್ತ ಅದ ಬಾಯಿಲೆ ಖರೇ ಅಂದಿ. ಇವತ್ತ ಅದ ಬಾಯಿಲೆ ಸುಳ್ಳ ಅಂತಿ. ನಾ ಯಾವುದು ಹಿಡೀಲಿ?” ಖಾದರಸಾಬ ಭೋಂಗಾವನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ. ಆಮೇಲೆ ಅವಳೇ ಕೇಳಿದಳು, “ಅಕಿ ಕಣ್ಣು ತೆಗೆದಳಲ್ಲ, ಮುಂದ ಏನಾತು?”

ಹಾಗೆ ಆ ಸಿನೇಮಾದ ಕೊನೆ ನಮ್ಮ ಪಡಸಾಲೆಯಲ್ಲಿ ನಡೆಯಿತು. ಭೋಂಗಾ ಇಲ್ಲದೆ, ಸಣ್ಣ ದನಿಯಲ್ಲಿ ಖಾದರಸಾಬ ಹೇಳಿದ. “ಎದ್ದು ನೋಡ್ತಾಳ್ರಿ. ಎದುರಿಗೆ ಒಬ್ಬ ಮುದುಕ. ನನ್ನ ಗಂಡ ಎಲ್ಲಿ ಅದಾನ ಅಂತ ಅವನ್ನ ಕೇಳ್ತಾಳ. ಅವಾ, ನಾನ ಅಂತ ಹೇಳೂದಿಲ್ಲ. ಹೊರಗ ಹೋಗ್ಯಾನ, ಬರ್ತಾನ ಕುಂದ್ರು ಅಂತಾನ. ಅಷ್ಟಕ್ಕ ಮುಗೀತೈತಿ.”

ಅಜ್ಜ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ್ದ. ಇಂಥ ಕಥೆಗೆ ‘ಎದ್ದ ಹೆಣ’ ಎಂದು ಹೆಸರಿಟ್ಟಿದ್ದರಲ್ಲ ಎಂದು ಈಗ ನನಗೆ ಸಿಟ್ಟು ಬರುತ್ತದೆ. ಆಗ ಚಿಗವ್ವನ ಬೆನ್ನಿಗೆ ಇನ್ನಷ್ಟು ಒತ್ತಿಕೊಂಡೆ, ಅಷ್ಟೆ.

ಅಜ್ಜ ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪೂರಾ ಸಮಾಧಾನ ಆಗಲಿ ಎಂದು ಅವನು ಭೀಮಣ್ಣನನ್ನು ಮುಂದೆ ತಳ್ಳಿದ. ಭೀಮಣ್ಣ ಬೋಳು ಮೇಲ್ದುಟಿ ಸವರಿಕೊಳ್ಳುತ್ತ, “ಬಂಡ್ಯಾಗ ಹೆಣಾ ಆಗಿ ಕುಂತಾಂವ ನಾನರೀ ತಾಯಿ. ನೋಡ್ರಿ, ಗುಂಡಕಲ್ಲಿನ ಹಂಗ ಅದೀನಿ. ನಿಮಗ ಸುಮ್ಮನ ಭ್ರಮಾ ಆಗೈತಿ” ಅಂದ.

ಚಿಗವ್ವ ಕಂಬ ಹಿಡಿದು ಎದ್ದು ನಿಂತಳು. “ಹೌದು, ನೀನು. ನೀ ಉಗುಳು ನುಂಗಿದ್ದು ನಾ ನೋಡೀನಿ, ಈ ಹುಡುಗಿ ನೋಡೈತಿ. ಮತ್ಯಾರೂ ನೋಡಲಿಲ್ಲ. ಊರ ಹಿರ್ಯಾರೆಲ್ಲ ನಿಂತಿದ್ರು. ಜೀವಂತ ಇದ್ದಾಂವಗ ಹೆಣಾ ಅಂತ ಕೈ ಮುಗದ್ರು, ಮಂಡಕ್ಕಿ ತೂರಿದ್ರು. ನಿಮ್ಮ ಬಂಡಿ ಆ ಕಡೆ ಹೊರಳಿದ್ದರ ಮಣ್ಣೂ ಕೊಡತಿದ್ರು.” ಅಜ್ಜನ ಕಡೆ ತಿರುಗಿದಳು. “ಆವತ್ತು ನಿಮ್ಮ ಮಗಗ ಮಣ್ಣು ಕೊಟ್ಟವ್ರೂ ಇವರ ಅಲ್ಲೇನ್ರಿ ಮಾವಾರ?”

ಬಂಡಿಯಲ್ಲಿ ಕುಳಿತಿದ್ದ ಭೀಮಣ್ಣನಿಗೇ ಈಗ ಹೆದರಿಕೆ ಹತ್ತಿತು. ಅವನು ತನ್ನ ಮೈ ತಾನೇ ಮುಟ್ಟಿ ನೋಡಿಕೊಂಡ. ಅಜ್ಜನ ಕೈಯಿಂದ ಅಡಕೊತ್ತು ಜಾರಿ ಬಿತ್ತು. ಅವನ ಮುಖದಲ್ಲಿ ನಾನು ಆವರೆಗೆ ಕಾಣದ ಒಂದು ಹೆದರಿಕೆ ಕಂಡಿತು. ದೊಡ್ಡವರೂ ಅಂಜುತ್ತಾರೆ ಎಂದು ತಿಳಿದ ದಿನ ಅದು, ನನ್ನ ಅಂಜಿಕೆ ಅಲ್ಲಿಂದ ದುಪ್ಪಟ್ಟಾಯಿತು.

ಮರುದಿನ ಮಧ್ಯಾಹ್ನ. ಮಾರನೆಯ ಬೆಳಿಗ್ಗೆ ಬಂಡಿ. ಚಿಗವ್ವನ ಸೀರೆಗಳನ್ನು ಗಂಟು ಕಟ್ಟಿಟ್ಟಿದ್ದರು. ಅವಳು ಪಡಸಾಲೆಯಲ್ಲಿ ನನ್ನ ಹರಿದ ಲಂಗಕ್ಕೆ ಹೊಲಿಗೆ ಹಾಕುತ್ತಿದ್ದಳು, ಹೋಗುವ ಮುಂಚೆ ಮುಗಿಸಬೇಕೆಂದು. ಅಜ್ಜ ಊಟ ಮಾಡಿ ಗೋಡೆಗೆ ಒರಗಿ ಕುಳಿತಿದ್ದವನು ಹಾಗೇ ಕಣ್ಣು ಮುಚ್ಚಿದ. ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ವಿಚಿತ್ರವೆಂದರೆ ಗೊರಕೆ ಬರಲಿಲ್ಲ.

ನಾನು ಕಾದೆ. ಗೊರಕೆ ಇಲ್ಲ. ಕುಳಿತಿದ್ದಾನೆ, ಕಣ್ಣು ಮುಚ್ಚಿದೆ, ಹಣೆಯಲ್ಲಿ ವಿಭೂತಿ. ಮೂಗಿಗೆ ಕೈ ಒಡ್ಡಿದೆ. ಆ ಉರಿಬಿಸಿಲಿನ ಹೊತ್ತಿನಲ್ಲಿ ಬೀಸುವ ಗಾಳಿಯೇ ಬಿಸಿ, ಉಸಿರು ಯಾವುದು ಗಾಳಿ ಯಾವುದು ಗೊತ್ತಾಗಲಿಲ್ಲ. ಪಕ್ಕದಲ್ಲಿ ಅಜ್ಜನ ಪೂಜೆಯ ಬಟ್ಟಲು ಇತ್ತು. ವಿಭೂತಿಯ ಪುಡಿ ಒಂದು ಚಿಟಿಕೆ ತೆಗೆದು ಅವನ ಮೀಸೆಯ ಮೇಲೆ, ಮೂಗಿನ ಸರಿ ಕೆಳಗೆ ಉದುರಿಸಿದೆ. ಉಸಿರಿದ್ದರೆ ಪುಡಿ ಹಾರಬೇಕು. ಅದು ಹಾರಿತು. ಒಳಗೆ ಹಾರಿತು.

ಅಜ್ಜ ಸೀನಿದ ಸೀನಿಗೆ ಕಟ್ಟೆಯ ಮೇಲಿನ ಪಾರಿವಾಳಗಳು ಎದ್ದವು. ಒಂದರ ಮೇಲೊಂದು ಸೀನು, ನಡುವೆ ನನ್ನ ವಂಶಕ್ಕೆ ಬೈಗುಳ. ಅದು ಅವನ ವಂಶವೂ ಹೌದೆಂಬುದನ್ನು ಮರೆತಿದ್ದ. ನಾನು ಬಟ್ಟಲು ಹಿಡಿದುಕೊಂಡು ನಿಂತೇ ಇದ್ದೆ.

ಚಿಗವ್ವ ನಕ್ಕಳು. ಎಷ್ಟೋ ದಿನದ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇದ್ದಕ್ಕಿದ್ದಂತೆ ನಗು ನಿಲ್ಲಿಸಿದಳು. ಸೂಜಿ ಕೈಯಲ್ಲೇ ಇತ್ತು. ಅಜ್ಜನ ಮೀಸೆಯ ಮೇಲೆ ಉಳಿದಿದ್ದ ಬಿಳಿಯನ್ನು ನೋಡುತ್ತಿದ್ದಳು.

“ನಾನ ಹಚ್ಚೀನಿ” ಅಂದಳು.

“ಏನು?” ಅಂದ ಅಜ್ಜ, ಮೂಗು ಒರೆಸಿಕೊಳ್ಳುತ್ತ.

“ಆವತ್ತು ಅವರ ಹಣಿಗೆ ವಿಭೂತಿ ನಾನ ಹಚ್ಚೀನ್ರಿ. ಕೈ ನಡಗಿ ಮೀಸಿ ಮ್ಯಾಲೆಲ್ಲಾ ಉದುರಿತ್ತು. ಒರಸಾಕ ಹೋದ್ರ ಅತ್ತಿಯಾರು ಬ್ಯಾಡ, ಇರಲಿ ಅಂದ್ರು. ಎದುರಿಗೆ ಕುಂತು ಅದನ್ನ ನೋಡಿಕೋತ ಇದ್ದೆ. ವಿಮಾನ ಕಟ್ಟಿ ಮುಗಿಯೂ ತನಕ ನೋಡೀನಿ.” ಅವಳ ದನಿ ಒಡೆಯಿತು. “ಒಂದು ಚೂರೂ ಅಲಗಲಿಲ್ಲರಿ ಮಾವಾ. ಹಚ್ಚಿದ್ದು ಹಚ್ಚಿದಂಗ ಇತ್ತು.”

ಆಮೇಲೆ ಅವಳು ಅತ್ತಳು. ಎರಡು ವರ್ಷ ತಡವಾಗಿ, ಗಂಡ ಸತ್ತದ್ದಕ್ಕೆ. ಅಮ್ಮ ಒಳಗಿಂದ ಬಂದವಳು ಬೈಯುವುದಕ್ಕೆ ಬಾಯಿ ತೆರೆದು, ಹಾಗೇ ಅವಳ ಪಕ್ಕದಲ್ಲಿ ಕುಳಿತು ತಾನೂ ಅತ್ತಳು. ಅವಳ ಮಗನೂ ಹೌದಲ್ಲ. ಅಜ್ಜ ಎದ್ದು ಹೋಗಿ, ಕಟ್ಟಿಟ್ಟಿದ್ದ ಗಂಟನ್ನು ತಾನೇ ಬಿಚ್ಚಿದ. ಅಳುವ ಸದ್ದು ಕೇಳಿ ನನಗೆ ಆ ವಾರದಲ್ಲಿ ಮೊದಲ ಸಲ ಹೆದರಿಕೆ ಕಡಿಮೆಯಾಯಿತು. ಅಳುವವರು ಉಸಿರಾಡುತ್ತಿರುತ್ತಾರೆ.

ಟೆಂಟು ಕಿತ್ತು ಹೊರಡುವ ದಿನ ಖಾದರಸಾಬ ಬಂದು ಭೋಂಗಾವನ್ನು ನಮ್ಮ ಕಟ್ಟೆಯ ಮೇಲಿಟ್ಟ. “ಇದರಾಗ ಬಾಯಿ ಇಟ್ರ ಸುಳ್ಳ ಬರತೈತ್ರಿ. ನೀವ ಇಟ್ಟುಕೋರಿ” ಅಂದ. ಮುಂದೆ ಬರಿಗಂಟಲಿನಿಂದಲೇ ಸಾರುತ್ತಿದ್ದ, ಸುಳ್ಳು ಆಗಲೂ ಬರುತ್ತಿತ್ತು ಎಂದು ಕೇಳಿದ್ದೇನೆ. ಮರು ವರ್ಷ ಬಂದಾಗ ಸುದ್ದಿ ಹೇಳಿದ. ಅದೇ ಸಿನೇಮಾ ಗಂಗಾವತಿಯಲ್ಲಿ ಹಾಕಿದರೆ, ಹೆಣ ಏಳಲೇ ಇಲ್ಲವೆಂದು ಜನ ನಕ್ಕು, ಕೂಗಾಡಿ, ಕಂಬ ಅಲ್ಲಾಡಿಸಿದರಂತೆ. ಕುಷ್ಟಗಿಯಲ್ಲಿ, ತನ್ನ ಊರಲ್ಲಿ, ಅವನು ಜಾಹೀರಾತು ಮಾಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಂದವರು ಬೆರಳೆಣಿಕೆ. ಆದರೆ ಮುದುಕ ‘ಹೊರಗ ಹೋಗ್ಯಾನ, ಬರ್ತಾನ’ ಅಂದಾಗ ಅವರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲವಂತೆ. ಚಿಗವ್ವ ಇದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿ, ಅವನಿಗೆ ಒಂದು ಲೋಟ ಮಜ್ಜಿಗೆ ಕಳಿಸಿದಳು.

ಚಿಗವ್ವ ಬಹಳ ವರ್ಷ ಬದುಕಿದಳು. ನನ್ನ ಮಕ್ಕಳನ್ನೂ ಸಾಕಿದಳು. ಕೊನೆಯ ದಿನಗಳಲ್ಲಿ ನನ್ನನ್ನು ಹತ್ತಿರ ಕರೆದು, “ಅವಸರ ಮಾಡಬ್ಯಾಡ ಮಗಳ. ನೋಡಿ ಕಳಸು” ಅಂದಿದ್ದಳು. ಯಾವುದನ್ನು ನೋಡಬೇಕೆಂದು ಹೇಳುವ ಅಗತ್ಯ ನಮ್ಮಿಬ್ಬರ ನಡುವೆ ಇರಲಿಲ್ಲ.

ಅವಳು ಹೋದ ದಿನ ಕುಳ್ಳಿರಿಸಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿದೆ. ಅವಳ ಮೇಲ್ದುಟಿಯ ಮೇಲೆ ಒಂದು ಚಿಟಿಕೆ ವಿಭೂತಿ ಉದುರಿಸಿ ಎದುರಿಗೆ ಕುಳಿತೆ. ಹೊರಗೆ ಮಂದಿ ಕಾಯುತ್ತಿದ್ದರು. ಪುಡಿ ಅಲುಗಲಿಲ್ಲ. ಇನ್ನೂ ಸ್ವಲ್ಪ ಹತ್ತಿರ ಹೋದೆ, ಕಣ್ಣು ಮಂಜಾಗಿತ್ತು, ಇನ್ನೂ ಹತ್ತಿರ ಹೋದೆ. ಆಗ ವಿಭೂತಿ ಅಲುಗಿತು. “ಚಿಗವ್ವಾ” ಎಂದು ಕೂಗಿದೆನಂತೆ, ಹೊರಗಿನವರು ಬಾಗಿಲು ಬಡಿದರು.

ಅದು ನನ್ನದೇ ಉಸಿರು. ಗೊತ್ತಾದ ಮೇಲೆ ಮೂಗಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದು ಕುಳಿತೆ. ಮತ್ತೆ ಅಲುಗಲಿಲ್ಲ. ನಾನೇ ಎದ್ದು ಬಾಗಿಲು ತೆಗೆದೆ.